ಅಂಡಿನ ಕೆಳಗಿನ ಸಿಂಬೆ

ದೇವರು ಮನುಷ್ಯನಿಗೆ ಕಣ್ಣು ಕೊಟ್ಟಿದ್ದು ಮುಂದೆ, ಅಂಡು ಕೊಟ್ಟಿದ್ದು ಹಿಂದೆ. ಯಾಕೆ ಹಾಗೆ ಅಂತ ಎಪ್ಪತ್ತಾರು ವರ್ಷ ನಾನು ಯೋಚನೆ ಮಾಡಿದವಳಲ್ಲ. ಹೋದ ವರ್ಷ ಅಲ್ಲಿ ಹುಣ್ಣಾದಾಗ ಮಾಡಿದೆ. ಡಾಕ್ಟರು ನೋಡಿದರು, ಸೊಸೆ ನೋಡಿದಳು, ಮಗ ಒಂದು ಕಣ್ಣು ಮುಚ್ಚಿಕೊಂಡು ನೋಡಿದ, ಅರಕಲಗೂಡಿನಿಂದ ಬಂದ ನನ್ನ ತಂಗಿ ಕನ್ನಡಕ ಹಾಕಿಕೊಂಡು ನೋಡಿದಳು. ನೋಡದೆ ಉಳಿದವಳು ನಾನೊಬ್ಬಳೇ. ಎಲ್ಲರೂ ನನ್ನ ಮೇಲಿಂದ ಮೇಲೆಯೇ ಮಾತಾಡಿಕೊಳ್ಳುವರು, ಸಂತೆಯಲ್ಲಿ ಎಮ್ಮೆ ಬೆನ್ನ ಮೇಲೆ ಕೈಯಿಟ್ಟು ವ್ಯಾಪಾರ ಮಾಡಿದ ಹಾಗೆ.

ಆದದ್ದಿಷ್ಟೆ. ಶುಂಠಿ ಹೊಲದ ಬದುವಿನಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿಯಿತು, ಆಸ್ಪತ್ರೆಯಲ್ಲಿ ರಾಡು ಹಾಕಿ ಕಳಿಸಿದರು. ಮಲಗಿ ಮಲಗಿ ಬೆನ್ನು ಮುಗಿದು ಅಂಡು ಶುರುವಾಗುವ ಜಾಗ ಮೊದಲು ಕೆಂಪಾಯಿತು, ಆಮೇಲೆ ಎಂಟಾಣೆ ಅಗಲ ಚರ್ಮ ಕಿತ್ತುಬಂತು. ಹಾಸಿಗೆ ಹುಣ್ಣಂತೆ. ಎರಡು ಗಂಟೆಗೊಮ್ಮೆ ಹೊರಳಿಸಿ ಅಂತ ಡಾಕ್ಟರು ಮಗನಿಗೆ ಹೇಳಿದರು. ಹೊರಳಿಸು ಅಂತ ಮಗ ಸೊಸೆ ಶೋಭಳಿಗೆ ಹೇಳಿದ. ಹೊರಳಿ ಅಂತ ಶೋಭ ನನಗೆ ಹೇಳಿದಳು. ನನ್ನ ಕೆಳಗೆ ಹಾಸಿಗೆ ಬಿಟ್ಟರೆ ಯಾರೂ ಇರಲಿಲ್ಲ. ತಂಗಿ ಮಾತ್ರ ಕಾಫಿಪುಡಿ ಮೆತ್ತು ಅಂದಳು. ಕೈ ಕುಯ್ದುಕೊಂಡರೆ ಕಾಫಿಪುಡಿ ಮೆತ್ತುವ ಸೀಮೆ ನಮ್ಮದು. ಶೋಭ ಡಬ್ಬಿ ಕೊಡಲಿಲ್ಲ.

ನನಗೆ ಬೇಕಾಗಿದ್ದದ್ದು ಜಗಲಿ. ನಮ್ಮ ಜಗಲಿಗೂ ರಸ್ತೆಗೂ ಮೂರೇ ಹೆಜ್ಜೆ. ಡೈರಿಗೆ ಹಾಲು ಹಾಕುವವರು, ಜೀಪು ಹತ್ತಿ ಕಾಫಿ ಕುಯ್ಲಿಗೆ ಹೋಗುವವರು, ಎಲ್ಲರ ಬಾಯಿಯೂ ನನ್ನ ಮುಂದೆಯೇ ಹಾದು ಹೋಗಬೇಕು. ವಾಕರ್ ಹಿಡಿದು ಹೋಗಿ ಕೂತರೆ ಊಟಕ್ಕೇ ಏಳುವುದು. ಹುಣ್ಣು ನೆಲಕ್ಕೆ ತಾಗದಿರಲಿ ಎಂದು ಹಳೇ ಸೀರೆ ಹೊಸೆದು ಒಂದು ಸಿಂಬೆ ಸುತ್ತಿದೆ. ನೀರಿನ ಕೊಡ ಹೊರಲು ತಲೆಗೆ ಇಡುವ ಸಿಂಬೆಯೇ. ನಲವತ್ತು ವರ್ಷ ಮೇಲಿಟ್ಟದ್ದನ್ನು ಈಗ ಕೆಳಗಿಟ್ಟೆ, ಹುಣ್ಣು ಸರಿಯಾಗಿ ತೂತಿನ ಮೇಲೆ ಬರುವ ಹಾಗೆ. ಸೆರಗು ಹರಡಿದರೆ ಯಾರಿಗೂ ಕಾಣದು. ನನ್ನ ತಲೆಗೆ ನಾನೇ ಶಹಭಾಸ್ ಅಂದುಕೊಂಡೆ.

ಹುಣ್ಣು ಎಂಟಾಣೆಯಿಂದ ನಿಂಬೆಹಣ್ಣಿನಷ್ಟಾಯಿತು. "ಏನಕ್ಕಾ, ಇನ್ನೂ ವಾಸಿಯಾಗಿಲ್ವ?" ಅಂತ ಪಕ್ಕದ ಮನೆ ಪುಟ್ಟತಾಯಿ ಕೇಳಿದಳು.

"ಎಲ್ಲಿಂದ ಆಗುತ್ತೆ? ಹೊರಳಿಸೋರು ಬೇಕಲ್ಲ. ಸೊಸೆಗೆ ಪುರುಸೊತ್ತಿಲ್ಲ."

ಪುಟ್ಟತಾಯಿಗೆ ಒಂದು ಮಾತು ಹೇಳಿದರೆ, ಅವಳ ಹಾಲಿನ ಕ್ಯಾನು ಡೈರಿ ಮುಟ್ಟುವ ಮೊದಲೇ ಮಾತು ಮುಟ್ಟಿರುತ್ತದೆ.

ಹುಣ್ಣು ವಾಸನೆ ಹೊಡೆಯತೊಡಗಿದ ಮೇಲೆ ಆರೋಗ್ಯ ಕೇಂದ್ರದ ಸಿಸ್ಟರ್ ಮನೆಗೇ ಬಂದರು. ಮೊಬೈಲಿನಲ್ಲಿ ಫೋಟೋ ತೆಗೆದು ನನ್ನ ಮುಖದ ಮುಂದೆ ಹಿಡಿದು, "ಅಜ್ಜಿ, ಮೊದಲು ನೀವು ನೋಡಿ. ನಿಮ್ಮದಲ್ವ?" ಅಂದರು. ನನ್ನ ಅಂಡು ಇಷ್ಟು ಬಡವಾಗಿದೆಯಾ ಅಂತ ಮೊದಲು ಬೇಜಾರಾಯಿತು. ಆಮೇಲೆ ಹುಣ್ಣು ಕಂಡಿತು. ಅದರ ಸುತ್ತ ಬಳೆಯ ಹಾಗೆ ಕಂದು ಗೆರೆ.

"ಈ ಉಂಗುರ ಎಲ್ಲಿಂದ ಬಂತು?"

ನಾನು ಸೂರು ನೋಡಿದೆ. ಶೋಭ ಜಗಲಿ ಮೂಲೆಯೆಲ್ಲ ಹುಡುಕಿ, ಸತ್ತ ಇಲಿ ಹಿಡಿದ ಹಾಗೆ ಎರಡೇ ಬೆರಳಲ್ಲಿ ಸಿಂಬೆ ತಂದಳು.

"ಸುತ್ತಲೂ ಒತ್ತಿ ಒತ್ತಿ ನಡುವಿಗೆ ರಕ್ತವೇ ಹೋಗದ ಹಾಗೆ ಮಾಡಿದೆ ಇದು," ಅಂದರು ಸಿಸ್ಟರ್. "ಹೀಗೇ ಬಿಟ್ಟರೆ ಮೂಳೆ ಕಾಣುತ್ತೆ. ಈಗ ಹೇಳಿ, ನಿಮಗೇನು ಬೇಕು?"

ಅಷ್ಟು ದಿನದಲ್ಲಿ ಅದನ್ನು ಕೇಳಿದವರು ಅವರೊಬ್ಬರೇ. "ಜಗಲಿ," ಅಂದೆ.

ದಪ್ಪ ಸ್ಪಂಜಿನ ದಿಂಬಿನ ಮೇಲೆ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಜಗಲಿ. ಮಿಕ್ಕ ಹೊತ್ತು ಮಗ್ಗುಲಾಗಿ ಮಲಗುವುದು ಅಂತ ಒಪ್ಪಂದವಾಯಿತು. ಆಮೇಲೆ ಸಿಸ್ಟರ್, "ನಿಮ್ಮ ಕೈಲಿ ಏನಾಗುತ್ತೆ ಹೇಳಮ್ಮ," ಅಂತ ಶೋಭಳನ್ನು ಕೇಳಿದರು. ಅವಳನ್ನೂ ಯಾರೂ ಕೇಳಿರಲಿಲ್ಲ. ನಾನಂತೂ ಇಲ್ಲ.

"ಹಾಲು ಕರೆಯೋ ಹೊತ್ತಲ್ಲಿ ಇವರ ಮಗ ಹೊರಳಿಸಲಿ. ಮಿಕ್ಕಿದ್ದೆಲ್ಲ ನಾನು ಮಾಡ್ತೀನಿ. ಆದ್ರೆ ಅತ್ತೆ ರಸ್ತೆಗೆಲ್ಲ ಹೇಳಿದ್ದನ್ನ ಅದೇ ಜಗಲಿ ಮೇಲೆ ಕೂತು ವಾಪಸ್ ತಗೋಬೇಕು. ನಾನು ಡೈರಿಗೆ ಹೋದ್ರೆ ಹೆಂಗಸರು ಮಾತು ನಿಲ್ಲಿಸ್ತಾರೆ."

ಸಿಸ್ಟರ್ ಅದನ್ನೂ ಚೀಟಿಯಲ್ಲಿ ಬರೆದರು, ದಿನಕ್ಕೆರಡು ಮೊಟ್ಟೆ ಅನ್ನುವುದರ ಕೆಳಗೆ.

ಮಾರನೇ ಬೆಳಿಗ್ಗೆ ಪುಟ್ಟತಾಯಿಯನ್ನು ಕರೆದು, "ಹುಣ್ಣು ದೊಡ್ಡದಾಗಿದ್ದು ನನ್ನ ಸಿಂಬೆಯಿಂದ ಕಣೇ. ಶೋಭ ಚೆನ್ನಾಗೇ ನೋಡ್ಕೊತಾಳೆ," ಅಂದೆ.

ಅವಳು ಕ್ಯಾನು ಕೆಳಗಿಟ್ಟು, ಒಳಗೆ ಇಣುಕಿ, ದನಿ ತಗ್ಗಿಸಿದಳು. "ಅಯ್ಯೋ ಅಕ್ಕಾ, ಹೀಗೆ ಹೇಳು ಅಂತ ಹೊಡೆದಳಾ?"

"ಇಲ್ವೇ, ನನ್ನ ಮಗನಾಣೆ!"

"ಆಣೆ ಬೇರೆ ಹಾಕಿಸಿದ್ದಾಳಾ!" ಕಣ್ಣೊರೆಸಿಕೊಂಡು ಡೈರಿ ಕಡೆಗೆ ಓಡಿದಳು.

ಹುಣ್ಣು ಮೂರು ತಿಂಗಳಲ್ಲಿ ಮುಚ್ಚಿತು. ನಾನು ಈಗಲೂ ಹೋಗಿಬರುವವರಿಗೆಲ್ಲ ಸೊಸೆಯನ್ನು ಹೊಗಳುತ್ತೇನೆ. ಹೊಗಳಿದಷ್ಟೂ ಜನ ನನ್ನನ್ನು ಅಯ್ಯೋ ಪಾಪ ಅಂತ ನೋಡುತ್ತಾರೆ. ನಿನ್ನೆ ಶೋಭಳೇ ಜಗಲಿಗೆ ಬಂದು, "ಅತ್ತೆ, ಹೊಗಳಿದ್ದು ಸಾಕು. ನಾಲ್ಕು ಜನರೆದುರು ಚೆನ್ನಾಗಿ ಬೈಯಿರಿ, ಆಗಲಾದ್ರೂ ನಿಮಗೆ ನನ್ನ ಭಯ ಇಲ್ಲ ಅಂತ ಗೊತ್ತಾಗಲಿ," ಅಂದಳು. ಸರಿ ಅಂತ ಬಾಯಿ ತೆಗೆದೆ. ಇಪ್ಪತ್ತು ವರ್ಷ ಯಾರೂ ಕೇಳದೆಯೇ ಉದುರಿದ ಬೈಗುಳ, ಕೇಳಿದಾಗ ಒಂದೂ ಬರಲಿಲ್ಲ. ನನಗೂ ವಯಸ್ಸಾಯಿತು ಅಂತ ಕಾಣುತ್ತದೆ.