ಕೋಕಾ ಹೆಸರಿಗೆ ದರ ಕಟ್ಟುವ ನನ್ನ ಭಾವ

ನನ್ನ ಭಾವ ಯಲ್ಲಾಪುರದ ಅತಿ ದೊಡ್ಡ ಜಮೀನುದಾರರು. ಆದರೆ ಆ ಜಮೀನಿಗೆ ಪಹಣಿಯಿಲ್ಲ, ಬೇಲಿಯಿಲ್ಲ, ಹೋಗಿ ನಿಂತು ನೋಡೋಣವೆಂದರೆ ಜಾಗವೂ ಇಲ್ಲ! ಎಲ್ಲಿದೆ ಎಂದು ಕೇಳಿದರೆ ಮೊದಲು ಆಕಾಶಕ್ಕೆ ಬೆರಳು ತೋರಿಸುತ್ತಾರೆ, ಆಮೇಲೆ ತಮಗೇ ಅನುಮಾನ ಬಂದು ಮೊಬೈಲಿಗೆ ತೋರಿಸುತ್ತಾರೆ.

ಭಾವ ಅಂದರೆ ನನ್ನ ಅಕ್ಕನ ಗಂಡ. ಶಿರಸಿಯ ವಖಾರಿಯೊಂದರಲ್ಲಿ ಅಡಿಕೆಗೆ ದರ ಕಟ್ಟುವ ಕೆಲಸ ಮಾಡಿ ನಿವೃತ್ತರಾದವರು. ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು, ಒಂದನ್ನು ಕತ್ತರಿಸಿ ಒಳಮೈ ನೋಡಿ ಬೆಲೆ ಹೇಳುತ್ತಿದ್ದರು. ಹಾಗಿದ್ದವರು ನಿವೃತ್ತರಾದ ಮೇಲೆ ಸುಮ್ಮನೆ ಎಲೆಯಡಿಕೆಯ ಕವಳ ಹಾಕಿಕೊಂಡು ಜಗುಲಿಯಲ್ಲಿ ಕೂರಬಾರದೆ? ಇಲ್ಲ! ಅಂತರ್ಜಾಲದ ವಿಳಾಸಗಳನ್ನು ಕೊಂಡು ಮಾರುವ ವ್ಯಾಪಾರಕ್ಕೆ ಇಳಿದರು. ಕೊಂಡರು ಎನ್ನುವುದು ಸರಿ. ಮಾರಿದ್ದನ್ನು ಮಾತ್ರ ನಾನು ನೋಡಿಲ್ಲ.

ನನಗೆ ಇದು ಇವತ್ತಿಗೂ ಅರ್ಥವಾಗಿಲ್ಲ. ಅರ್ಥವಾದಷ್ಟು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ವಿಳಾಸದ ನಡುವೆ ಒಂದು ಚುಕ್ಕಿ ಇರುತ್ತದಂತೆ. ಚುಕ್ಕಿಯ ಬಲಗಡೆ 'ಕಾಮ್' ಇದ್ದರೆ ಅದು ರಾಶಿ ಅಡಿಕೆ ಇದ್ದ ಹಾಗೆ, ಮೇಲುದರ್ಜೆ. 'ಇನ್' ಇದ್ದರೆ ಚಾಲಿ, ಪರವಾಗಿಲ್ಲ. ಯಾರೂ ಕೇಳರಿಯದ ಬಾಲಗಳು, ಎಂದರೆ ಡಾಟ್ ನಿಂಜಾ, ಡಾಟ್ ಪಿಜ್ಜಾ, ಡಾಟ್ ಹಾರ್ಸ್ ಇತ್ಯಾದಿ, ಕೋಕಾ. ಅಂದರೆ ಆರಿಸಿ ಪಕ್ಕಕ್ಕೆ ಹಾಕಿದ ಅಡಿಕೆ. ನಮ್ಮ ಭಾವ ಕೊಂಡದ್ದೆಲ್ಲ ಈ ಕೋಕಾ!

"ರಾಶಿ ಎಲ್ಲರ ಹತ್ರಾನೂ ಇರ್ತು ತಂಗಿ. ಕೋಕಾದಲ್ಲಿ ಒಳ್ಳೇದನ್ನ ಹೆಕ್ಕಲೆ ಕಣ್ಣು ಬೇಕು" ಎನ್ನುತ್ತಾರೆ.

ಕಣ್ಣಿನ ಪ್ರತಾಪ ಕೇಳಿ. ಮೊದಲು ಕೊಂಡದ್ದು 'ಮಾಗೋಡು ಡಾಟ್ ಬಿಯರ್'. ಈರುಳ್ಳಿ ಹೆಚ್ಚಿದ ಮೆಟ್ಟುಗತ್ತಿಯನ್ನೂ ಎರಡು ಸಲ ತೊಳೆಸುವ ಮನುಷ್ಯ! ನಾನು ಬಾಯಿ ಬಿಟ್ಟುಕೊಂಡು ನಿಂತೆ.

"ಭಾವ, ನಿಂಗಕ್ಕೆ ಎಂತ ಆಯ್ದು? ಬಿಯರ್‌ಗೂ ನಿಂಗಕ್ಕೂ ಎಂತ ಸಂಬಂಧ?"

"ಎಂಗೆ ಸಂಬಂಧ ಇಲ್ಲೆ. ಮಾಗೋಡು ಜಲಪಾತ ನೋಡಲೆ ಬಪ್ಪವು ಎಂತ ಕುಡಿತ ಹೇಳಿ ತಿಳ್ಕಂಡಿದ್ದೆ? ಕಷಾಯನ?"

 

ದರ ಕಟ್ಟುವುದಕ್ಕೆ ಅವರದೇ ಪರೀಕ್ಷೆಗಳಿವೆ. ಎಡಗಡೆಯ ಹೆಸರು ಗಿಡ್ಡಗಿರಬೇಕು. ಎಡಕ್ಕೂ ಬಲಕ್ಕೂ ಜಾತಕ ಕೂಡಬೇಕು. ಅದೇ ಹೆಸರಿನ 'ಕಾಮ್' ಇಟ್ಟುಕೊಂಡವನು ಒಳ್ಳೆ ಸ್ಥಿತಿವಂತನಾಗಿರಬೇಕು, ಏಕೆಂದರೆ ಬಾಲವನ್ನೂ ಕೊಳ್ಳಲು ಅವನೇ ಬರಬಹುದು. ಎಲ್ಲಕ್ಕಿಂತ ಮುಖ್ಯ, ಒಮ್ಮೆ ಕೂಗಿ ಹೇಳಿದರೆ ಎದುರಿನವನಿಗೆ ತಿಳಿಯಬೇಕು. ಈ ಕೊನೆಯ ಪರೀಕ್ಷೆ ನಡೆಯುವುದು ಪೇಟೆಯಲ್ಲಿ ಲಾರಿ ರಿಪೇರಿ ಮಾಡುವ ಸಾಹೇಬರ ಶೆಡ್ಡಿನಲ್ಲಿ. ಇಂಜಿನ್ ಗಡಗಡ ಎನ್ನುತ್ತಿರುವಾಗ ಭಾವ ಬಾಗಿಲಲ್ಲಿ ನಿಂತು ಹೆಸರು ಕೂಗುವುದು, ಲಾರಿಯ ಅಡಿಯಿಂದ ಸಾಹೇಬರು ಅದನ್ನು ತಿರುಗಿ ಹೇಳುವುದು. ಸರಿಯಾಗಿ ಹೇಳಿದರೆ ದರ ಏರಿತು! ಸಾಹೇಬರು ಒಂದು ದಿನ ಮಾತ್ರ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು.

"ಭಟ್ರೇ, ತಪ್ಪು ತಿಳ್ಕೋಬ್ಯಾಡ್ರಿ. ವರ್ಷಾ ವರ್ಷಾ ಟ್ಯಾಕ್ಸ್ ಕಟ್ತೀರಿ, ಗಾಡಿ ಶೆಡ್ಡಿನಾಗೇ ನಿಂತೈತಿ, ಬಾಡಿಗಿ ಇಲ್ಲ. ಇದಕ್ಕ ನಾವು ಗುಜರಿ ಅಂತೀವ್ರಿ!"

ಭಾವ ಎರಡು ದಿನ ಆ ಬೀದಿಗೆ ಹೋಗಲಿಲ್ಲ.

ಟ್ಯಾಕ್ಸಿನ ವಿಷಯದಲ್ಲಿ ಅವರಿಗೆ ಮೊದಲೇ ಒಂದು ಪೆಟ್ಟು ಬಿದ್ದಿತ್ತು. ಅಡಿಕೆಯವರ ಬುದ್ಧಿ ನೋಡಿ, ದರ ಬಿದ್ದರೆ ಮಾಲನ್ನು ಅಟ್ಟಕ್ಕೆ ಏರಿಸಿ ಏರುವ ತನಕ ಕಾಯುವುದು. ಹೆಸರುಗಳನ್ನೂ ಹಾಗೇ 'ಅಟ್ಟಕ್ಕೆ' ಹಾಕಿ ನಿಶ್ಚಿಂತೆಯಿಂದ ಕೂತರು. ವರ್ಷ ಕಳೆಯಿತು, ಹೆಸರು ಉಳಿಸಿಕೊಳ್ಳಲು ವರ್ಷಾ ವರ್ಷಾ ಕೊಡಬೇಕಾದ ನವೀಕರಣದ ಹಣ ಕಟ್ಟಲಿಲ್ಲ, ಬಿಯರ್ ಹೊರಟುಹೋಯಿತು! ಯಾರೋ ಅದನ್ನೆತ್ತಿಕೊಂಡು ಇಸ್ಪೀಟಿನ ಆಟ ಹಚ್ಚಿದ್ದರು.

"ಅಟ್ಟದ ಮೇಲಿನ ಅಡಿಕೆಗೆ ಅಟ್ಟ ಬಾಡಿಗೆ ಕೇಳ್ತ? ಇದೆಂತ ಅನ್ಯಾಯ!" ಎಂದು ಮನೆ ತುಂಬ ಓಡಾಡಿದರು. ಅನ್ಯಾಯ ಯಾರದೆಂದು ನನಗೂ ಗೊತ್ತಾಗಲಿಲ್ಲ.

ಇಷ್ಟರಲ್ಲಿ ಅಕ್ಕನ ಪಾಡು ಹೇಳುವುದನ್ನೇ ಮರೆತೆ. ಅಕ್ಕ ಸುಕೇಳಿ ಮಾಡಿ ಮಾರುತ್ತಾಳೆ. ಬಾಳೆಹಣ್ಣನ್ನು ಬಿಸಿಲಿಗೆ ಒಣಗಿಸಿ ಮಾಡುವ, ತಿಂದರೆ ಬಾಯಿಗೆ ಅಂಟಿಕೊಳ್ಳುವ ಸಿಹಿ. ಅದಕ್ಕೆ ಬಿಸಿಲೇ ಬಂಡವಾಳ. ಒಂದು ಮೋಡ ಬಂತೆಂದರೆ ಹರಿವಾಣಗಳನ್ನು ಎತ್ತಿಕೊಂಡು ಓಡಬೇಕು, ತಪ್ಪಿದರೆ ಬೂಷ್ಟು ಹಿಡಿದು ಎಲ್ಲ ದನಕ್ಕೆ. ಅವಳ ಸೊಂಟ ಹೋಗಿದೆ. ಒಣಗಿಸುವ ಯಂತ್ರವೊಂದು ಇದ್ದರೆ ಓಡಾಟ ತಪ್ಪುತ್ತಿತ್ತು, ಅದು ಇಲ್ಲದಿದ್ದರೆ ಈ ವರ್ಷವೇ ಕೆಲಸ ನಿಲ್ಲಿಸುತ್ತೇನೆ ಎಂದಿದ್ದಳು. ಭಾವನ ಒಂದು ಹೆಸರು, ಒಂದೇ ಒಂದು, ಮಾರಾಟವಾಗಬಾರದೆ ಎಂದು ನಾನು ಕಂಡ ದೇವರಿಗೆಲ್ಲ ಕೈ ಮುಗಿದೆ.

ಮೊನ್ನೆ ನಾನು ಸಿದ್ದಾಪುರದ ನನ್ನ ಮನೆಯಿಂದ ಅಕ್ಕನ ಮನೆಗೆ ಹೋದಾಗ ಆ ದೇವರುಗಳಲ್ಲಿ ಯಾರಿಗೋ ಕೇಳಿಸಿರಬೇಕು. ಫೋನು ಬಂತು! ಅಗರಬತ್ತಿ ಕಂಪನಿಯವನಂತೆ, ಹಿಂದಿಯವನು. ಭಾವ ಎಲ್ಲರಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದರು.

"ನಿಮ್ಮ ಆ ಹೆಸರು ಬೇಕಿತ್ತು. ಎಷ್ಟು ಹೇಳ್ತೀರಿ?" ಎಂದ ಅವನು, ಹಿಂದಿಯಲ್ಲಿ.

"ಆಪ್ ಬೋಲೋ" ಎಂದರು ಭಾವ.

"ಮಾಲು ನಿಮ್ಮದು, ನೀವು ಹೇಳಿ."

"ಆಪ್ ಬೋಲೋ!"

ನಮ್ಮ ಕಡೆ ಅಡಿಕೆ ತಂದವನು ಬೆಲೆ ಹೇಳುವ ಪದ್ಧತಿಯೇ ಇಲ್ಲ, ಕೊಳ್ಳುವವರೇ ಚೀಟಿಯಲ್ಲಿ ಬರೆಯಬೇಕು. ಆ ಬಡಪಾಯಿ ಹಿಂದಿಯವನಿಗೆ ಇದೆಲ್ಲ ಎಲ್ಲಿ ಗೊತ್ತು? ಬೋಲೋ ಬೋಲೋ ಎಂದು ಭಜನೆಯೇ ನಡೆಯಿತು. ಕೊನೆಗೆ ಅವನೇ ಸೋತು ಒಂದು ಮೊತ್ತ ಹೇಳಿದ. ಅಕ್ಕ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದಳು. ಯಂತ್ರ ಬಂದು, ಮೇಲೆ ಒಂದು ಫ್ರಿಜ್ಜೂ ಬರುವಷ್ಟು!

ಭಾವ ಒಮ್ಮೆ ಅಕ್ಕನ ಕಡೆ ನೋಡಿದರು. ಆಮೇಲೆ, "ವೋ ಬೇಚ್ನೇಕಾ ನಹೀ", ಅದು ಮಾರುವುದಕ್ಕಲ್ಲ, ಎಂದು ಫೋನು ಇಟ್ಟುಬಿಟ್ಟರು.

 ಮೋಡ ಕಟ್ಟಿತ್ತು, ಅಕ್ಕ ಸೌಟು ಇಟ್ಟು ಹರಿವಾಣ ತರಲು ಅಂಗಳಕ್ಕೆ ಹೋದಳು. ನನಗೆ ತಡೆಯಲಿಲ್ಲ.

"ಭಾವ, ನಿಂಗಕ್ಕೆ ತಲೆ ಸರಿ ಇದ್ದ? ಅವಳ ಸೊಂಟ ನೋಡಿದ್ರ? ಅದೇನು ಚಿನ್ನದ ಹೆಸರು, ಮಾರಲೆ ಆಗದ್ದು?"

ಭಾವ ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು. "ಸುಗಂಧಿ. ಸುಗಂಧಿ ಡಾಟ್ ಶಾಪ್."

ನನ್ನ ಕೋಪ ಎಲ್ಲಿ ಹೋಯಿತೋ! ಆ ಹೆಸರು ಕೇಳಿ ಎಷ್ಟು ಕಾಲವಾಗಿತ್ತು. ಮದುವೆಯ ದಿನ ಹರಿವಾಣದ ಅಕ್ಕಿಯ ಮೇಲೆ ಗಂಡ ಉಂಗುರದಿಂದ ಹೆಂಡತಿಗೆ ಹೊಸ ಹೆಸರು ಬರೆಯುವುದು ನಮ್ಮಲ್ಲಿ ರೂಢಿ. ಅವತ್ತಿನಿಂದ ಸುಗಂಧಿ ಎಂಬ ಅಕ್ಕನ ಹುಟ್ಟುಹೆಸರನ್ನು ತವರಿನವರೂ ಬಿಟ್ಟರು, ನಾನಂತೂ ಅಕ್ಕ ಎಂದೇ ಕರೆದವಳು.

"ಪುರೋಹಿತರು ಹೊಸ ಹೆಸರು ಬರೆ ಹೇಳಿದ, ಆನು ಬರದಿ" ಎಂದರು ಭಾವ. "ಅವಳ ಹತ್ರ ಒಂದು ಮಾತು ಕೇಳಿದ್ನಿಲ್ಲೆ. ಅವಳ ಸುಕೇಳಿ ಅಂಗಡಿಗೆ ಅದೇ ಹೆಸರು ಇಡನ ಹೇಳಿ ತಗಂಡಿ. ಹೇಳಲೆ ನಾಚಿಕೆ ಆಗಿ ಸುಮ್ನಿದ್ದಿ. ಯಂತ್ರಕ್ಕೆ ಸೊಸಾಯಿಟಿಲಿ ಸಾಲ ಮಾಡ್ತೆ. ಅವಳದನ್ನ ಆನು ಹ್ಯಾಂಗೆ ಮಾರ್ಲಿ, ಹೇಳು?"



"ಎಂಗೆ ಹೇಳಿದ್ದು ಸಾಕು, ಅವಳಿಗೆ ಹೇಳಿ" ಎಂದೆ.

ಭಾವ ಎದ್ದು ಬಾಗಿಲ ತನಕ ಹೋದರು. ಇಷ್ಟು ವರ್ಷ ಹೆಂಡತಿಯನ್ನು ಹೆಸರು ಹಿಡಿಯದೆ 'ಕೇಳ್ತನೇ' ಎಂದಷ್ಟೇ ಕರೆದ ಮನುಷ್ಯ, ಎರಡು ಸಲ ಗಂಟಲು ಸರಿಮಾಡಿಕೊಂಡು, ಅಂಗಳದ ಕಡೆಗೆ "ಸುಗಂಧೀ..." ಎಂದರು.

ಅಕ್ಕ ಬೆನ್ನು ಬಾಗಿಸಿ ಹರಿವಾಣ ಎತ್ತುತ್ತಿದ್ದಳು. ತಿರುಗಿಯೂ ನೋಡದೆ, ಸಣ್ಣ ಹುಡುಗಿಯ ಹಾಗೆ, "ಓ!" ಎಂದಳು.