ಎಡಕ್ಕೆ ತಿರುಗುವ ತಟ್ಟೆ

ಅಯ್ಯಣ್ಣನ ಮದುವೆಯ ತಾರೀಖು ಒಂದು ಪ್ಲಾಸ್ಟಿಕ್ ತಟ್ಟೆಯ ಮೇಲೆ ನಿಂತದ್ದು ಭಾನುವಾರ ಬೆಳಿಗ್ಗೆ, ಅವನ ಅಂಗಡಿಯ ಬಾಗಿಲಲ್ಲೇ.

ಅಯ್ಯಣ್ಣನದು ಶಹಾಪುರದ ಬಜಾರದಲ್ಲಿ ಪಾತ್ರೆ ಅಂಗಡಿ. ವಯಸ್ಸು ಮೂವತ್ತು ದಾಟಿತ್ತು. ಹೆಣ್ಣು ನೋಡಲು ಹೋದ ಕಡೆಯೆಲ್ಲ ಉಪ್ಪಿಟ್ಟು ಚೆನ್ನಾಗಿ ಸಿಕ್ಕಿತ್ತು, ಹೆಣ್ಣು ಸಿಕ್ಕಿರಲಿಲ್ಲ. ಹೀಗಿರುವಾಗ ಭೀಮರಾಯನಗುಡಿಯ ಗೊಲ್ಲಾಳಮ್ಮ ಎಂಬ ಶಾಲಾ ಟೀಚರು ಕುಕ್ಕರಿನ ರಬ್ಬರ್ ಕೊಳ್ಳಲು ಬಂದಳು. ಮರುವಾರ ಇನ್ನೊಂದು ರಬ್ಬರ್ ಕೊಂಡಳು. ಅದರ ಮರುವಾರವೂ ಬಂದಳು. ಒಂದು ಕುಕ್ಕರಿಗೆ ಇಷ್ಟೊಂದು ರಬ್ಬರ್ ಬೇಕಾಗುವುದಿಲ್ಲವೆಂದು ಅಯ್ಯಣ್ಣನಿಗೆ ಹೊಳೆಯುವಷ್ಟರಲ್ಲಿ ಇಡೀ ಬಜಾರಕ್ಕೆ ಹೊಳೆದುಹೋಗಿತ್ತು.

ಇಬ್ಬರ ಮನಸ್ಸೂ ಕೂಡಿತ್ತು. ಬಾಕಿ ಇದ್ದದ್ದು ಅವಳ ತಂದೆ ಸೂಗಪ್ಪನವರ ಒಪ್ಪಿಗೆ. ಅವರು ಕಾಲುವೆಯ ಗೇಟು ಏರಿಸಿ ಇಳಿಸುವ ಕೆಲಸದಿಂದ ನಿವೃತ್ತರಾದವರು, ನೀರಿನ ಹಾಗೆ ಮಾತನ್ನೂ ಅಳತೆ ನೋಡಿಯೇ ಬಿಡುತ್ತಿದ್ದರು. ಹೌದು ಎಂದಿರಲಿಲ್ಲ, ಇಲ್ಲ ಎಂದೂ ಇರಲಿಲ್ಲ. ಆ ಭಾನುವಾರ ಬಗಲಲ್ಲಿ ಒಂದು ರಟ್ಟಿನ ಡಬ್ಬಿ ಹಿಡಿದು ತಾವೇ ಅಂಗಡಿಗೆ ಬಂದರು.

ಅಯ್ಯಣ್ಣ ಗಡಬಡಿಸಿ ಕುರ್ಚಿ ಒರೆಸಿದ. ಪಕ್ಕದ ವೆಲ್ಡಿಂಗ್ ಅಂಗಡಿಯ ಖಾಜಾಹುಸೇನ, ಯಾರೂ ಕರೆಯದಿದ್ದರೂ, ಚಹಾ ಹಿಡಿದು ಬಂದ. ಅವನ ಬಲಗೈಯಲ್ಲಿ ಸುತ್ತಿಗೆ ಇತ್ತು, ಎಡಗೈಯಲ್ಲಿ ಕಪ್ಪು.

“ಎಡಗೈಲೆ ಚಾ ಕೊಡ್ತಾರೇನು?” ಎಂದರು ಸೂಗಪ್ಪ. ದನಿ ಗಡುಸಾಗಿತ್ತು. ಖಾಜಾಹುಸೇನ ತಕ್ಷಣ ಸುತ್ತಿಗೆ ಕೆಳಗಿಟ್ಟು ಕೈ ಬದಲಿಸಿದ.

ಅಷ್ಟರಲ್ಲಿ ಬಜಾರದ ಒಂದು ಆಡು ಬಂದು ಡಬ್ಬಿಯ ಮೂಲೆ ಕಚ್ಚಿತು. ಸೂಗಪ್ಪನವರ ಬಲಗೈಯಲ್ಲಿ ಚಹಾ ಇತ್ತು. ಅವರು ಬಗ್ಗಿ ಎಡಗೈಯಿಂದ ಒಂದು ಹರಳು ಹೆಕ್ಕಿ ಹಾಗೇ ಚಿಮ್ಮಿದರು. ಅದು ಕೊಂಬಿಗೆ ತಾಗಿ ಆಡು ಬೀದಿಯ ತುದಿಯವರೆಗೆ ಓಡಿತು. ಅಯ್ಯಣ್ಣ ಅದನ್ನು ನೋಡಿದ, ನೋಡಿದ್ದನ್ನು ಮರೆತ. ಅವನ ಲಕ್ಷ್ಯವೆಲ್ಲ ಡಬ್ಬಿಯ ಮೇಲಿತ್ತು.

“ಇದು ತಟ್ಟಿ ಒಗಿಯೋ ಆಟ,” ಎಂದು ಸೂಗಪ್ಪ ಡಬ್ಬಿ ಬಿಚ್ಚಿದರು. “ಕೆನಾಲ್ ಕ್ಯಾಂಪಿನಾಗ ಇದ್ದ ಎಂಜಿನಿಯರ ಸಾಹೇಬ್ರು ವರ್ಗ ಆಗಿ ಹೋಗೋ ಮುಂದ ನನಗ ಕೊಟ್ಟು ಹೋದ್ರು. ಡಿಸ್ಕ್ ಗಾಲ್ಫ್ ಅಂತಾರ. ಕೆನಾಲ್ ದಂಡಿ ಮ್ಯಾಲ ಕಬ್ಬಿಣದ ಬುಟ್ಟಿ ನಿಲ್ಲಿಸೇವಿ. ದೂರದಿಂದ ಒಗದು ಒಗದು ತಟ್ಟಿ ಬುಟ್ಟಿಗಿ ಕೆಡವಬೇಕು. ಕಮ್ಮಿ ಸಲ ಒಗದಾಂವ ಗೆದ್ದ.”

“ಆ ಬುಟ್ಟಿ ನಾನೇ ಮಾಡಿದ್ದು,” ಎಂದ ಖಾಜಾಹುಸೇನ. “ಫ್ಯಾನಿನ ಜಾಲಿ, ಸೈಕಲ್ ಚೈನು.”

“ಸುರಪುರದ ನಸೀರುದ್ದೀನ ಮಾಸ್ತರು ಪ್ರತಿ ಸಲ ನನ್ನ ಸೋಲಿಸ್ತಾರ. ನನ್ನ ತಟ್ಟಿ ಹೋಗಿ ನೀರಿಗಿ ಬೀಳ್ತದ. ತಪ್ಪು ತಟ್ಟೀದ ಅದನೋ ಕೈಯ್ಯಿಂದ ಅದನೋ ತಿಳೀವಲ್ದು.” ಸೂಗಪ್ಪ ತಮ್ಮ ಬಲಗೈಯನ್ನು ಬೇರೆಯವರ ಕೈಯೆಂಬಂತೆ ನೋಡಿಕೊಂಡರು. “ಒಬ್ಬರಿಗಿ ಎರಡೇ ತಟ್ಟಿ. ದೂರ ಒಗಿಯೋದು ಡ್ರೈವರ್. ಬುಟ್ಟಿ ಹತ್ತಿರ ಬಂದ ಮ್ಯಾಲ ಒಗಿಯೋದು ಪಟರ್. ನೀ ತಟ್ಟಿ ಮಾರೋ ಮನಷ್ಯಾ. ಯಾವ ಎರಡು ಅಂತ ನೀನೇ ಆರಿಸಿ ಸಂಜಿಗಿ ತಾ. ನಾ ಗೆದ್ದರ ಅಲ್ಲೇ ದಂಡಿ ಮ್ಯಾಲ ಮದುವಿ ತಾರೀಖು ಹೇಳ್ತೇನಿ.”

“ಸೋತರರಿ?”

“ಸೋತರ ಅವಸರ ಏನದ?” ಎಂದು ಸೂಗಪ್ಪ ಎದ್ದು ಹೋದರು.

ಅಯ್ಯಣ್ಣ ತಟ್ಟೆಗಳನ್ನು ಗಲ್ಲಾದ ಮೇಲೆ ಹರಡಿ ಒಂದೊಂದನ್ನೂ ಬೆರಳ ಗೆಣ್ಣಿನಿಂದ ಬಡಿದು ನೋಡಿದ. ಸ್ಟೀಲಾಗಿದ್ದರೆ ಸದ್ದು ಕೇಳಿಯೇ ಗುಣ ಹೇಳಿಬಿಡುತ್ತಿದ್ದ. ಇವು ಡಬ್ ಡಬ್ ಎಂದವು ಅಷ್ಟೇ. ಕೆಲವಕ್ಕೆ ಅಂಚು ತೆಳುವಾಗಿ ಚೂಪಾಗಿತ್ತು, ಕೆಲವಕ್ಕೆ ದಪ್ಪವಾಗಿ ಮೊಂಡಾಗಿತ್ತು. ಖಾಜಾಹುಸೇನ ಒಂದು ಕೆಂಪು ತಟ್ಟೆ ಎತ್ತಿಕೊಂಡ.

“ಬ್ಲೇಡ್ ಇದ್ದಂಗ ಅದ ನೋಡು. ಎಷ್ಟು ಧಾರಿ ಇರ್ತದೋ ಅಷ್ಟು ದೂರ ಹೋಗ್ತದ. ಇದನ್ನ ಕೊಟ್ಟುಬಿಡು, ಸಂಜಿಗಿ ತಾರೀಖು ಹಿಡಕೊಂಡು ಬಾ.”

“ಒಮ್ಮಿ ಒಗದು ನೋಡದ ಹ್ಯಾಂಗ ಕೊಡ್ಲಿ?”

ಇಬ್ಬರೂ ಅಂಗಡಿಗೆ ಬೀಗ ಹಾಕಿ ಊರ ಹೊರಗಿನ ಬಯಲಿಗೆ ಹೋದರು. ಬಯಲಿನ ಎಡಕ್ಕೆ ಮೆಣಸಿನಕಾಯಿ ಒಣಗಿಸುವ ಕಣವಿತ್ತು. ಕಾಲುವೆ ನೀರು ಬಂದ ಮೇಲೆ ಈ ಕಡೆ ಬೆಳೆ ಹೆಚ್ಚಾಗಿ, ಕಣ ಕಣ್ಣು ಹಾಯುವವರೆಗೂ ಕೆಂಪಾಗಿ ಹಬ್ಬಿತ್ತು. ಅಯ್ಯಣ್ಣ ಬಲಗೈಯನ್ನು ಎದೆಯ ಅಡ್ಡಕ್ಕೆ ತಂದು ಕೆಂಪು ತಟ್ಟೆಯನ್ನು ಬಯಲಿನ ಮಧ್ಯಕ್ಕೆ ಬೀಸಿದ. ಅದು ಸ್ವಲ್ಪ ದೂರ ಹೋದಂತೆ ಮಾಡಿ, ಯಾರೋ ಕರೆದ ಹಾಗೆ ಥಟ್ಟನೆ ಎಡಕ್ಕೆ ಹೊರಳಿ ಮೆಣಸಿನಕಾಯಿಯೊಳಗೆ ಬಿತ್ತು. ಕೆಂಪಿನಲ್ಲಿ ಕೆಂಪು ಸೇರಿ ಕಾಣದಾಯಿತು.

ಕಣ ಕಾಯುವ ದೇವಕಮ್ಮ ಮೂಗಿಗೆ ಸೆರಗು ಸುತ್ತಿಕೊಂಡು ಬಂದಳು. “ಹಸನ ಮಾಡಿದ ಮೆಣಸಿನಕಾಯಾಗ ಹಂಗ ಕಾಲಿಟ್ಟೀರಿ ಜ್ವಾಕಿ. ಏನ್ ಬಿತ್ತು?”

“ನನ್ನ ಮದುವಿ ಬಿತ್ತವ್ವಾ,” ಎಂದ ಅಯ್ಯಣ್ಣ, ಮತ್ತು ಎಲ್ಲವನ್ನೂ ಹೇಳಿದ.

ದೇವಕಮ್ಮ ವಿಚಾರ ಮಾಡಿದಳು. “ಅಲ್ಲೇ ನಿಂತು, ಹಂಗೇ ಇನ್ನೊಂದು ಒಗಿ. ಅದು ಬಿದ್ದಲ್ಲೇ ಇದೂ ಬಿದ್ದಿರ್ತದ. ನಾ ನೋಡ್ತೇನಿ.”

ಮಾತು ಸರಿಯೆನಿಸಿತು. ಅಯ್ಯಣ್ಣ ಅದೇ ಜಾಗದಲ್ಲಿ ಕಾಲೂರಿ ಹಳದಿ ತಟ್ಟೆಯನ್ನು ಅದೇ ರೀತಿ ಬೀಸಿದ. ಎದುರು ಗಾಳಿ ಅದರ ಹೊಟ್ಟೆಗೆ ಸಿಕ್ಕಿತು. ಹಳದಿ ತಟ್ಟೆ ಬಲಕ್ಕೆ ಒರಗಿ, ಒರಗುತ್ತಲೇ ಹೋಗಿ, ಜಾಲಿ ಗಿಡ ದಾಟಿ ಕುಳಿತಿತು.

“ಅದೇ ಜಾಗ, ಅದೇ ಕೈ,” ಎಂದಳು ದೇವಕಮ್ಮ. “ಬ್ಯಾರೆ ಕಡಿ ಹೋತಲ್ಲ.”

ಅಯ್ಯಣ್ಣ ಹಸಿರು ತಟ್ಟೆ ತೆಗೆದ. ಅದರ ಅಂಚು ಕೆಂಪಿನಷ್ಟು ಚೂಪೂ ಅಲ್ಲ, ಮೊಂಡೂ ಅಲ್ಲ. ಬೀಸಿದ. ಹಸಿರು ತಟ್ಟೆ ಎದುರು ಗಾಳಿಗೆ ಅಂಜದೆ ನೇರ ನಡೆಯಿತು. ಒಂದು ಕಡೆ ಗಾಳಿಯಲ್ಲಿ ನಿಂತೇಬಿಟ್ಟಿತೋ ಎನ್ನುವಂತಾಗಿ, ಕೊನೆಗೆ ಮೆಲ್ಲಗೆ ಎಡಕ್ಕೆ ತಿರುಗಿ ನೆಲಕ್ಕಿಳಿಯಿತು. ಅಯ್ಯಣ್ಣನ ಮೈ ಜುಮ್ಮೆಂದಿತು. ಹತ್ತು ವರ್ಷದಿಂದ ತಟ್ಟೆ ಮಾರುತ್ತಿದ್ದ, ಒಂದು ತಟ್ಟೆಗೆ ಇಷ್ಟು ಸ್ವಭಾವ ಇರುತ್ತದೆಂದು ಗೊತ್ತಿರಲಿಲ್ಲ. ನೆಲದ ಮೇಲಿನ ಸಾಮಾನು ಗಾಳಿಯಲ್ಲಿ ಹೀಗೆ ನಡೆದಾಡುವುದೆಂದರೇನು ಎಂದು ಅವನು ಬಾಯಿ ತೆರೆದು ನಿಂತ.

“ಇನ್ನೊಮ್ಮಿ ಒಗಿಯೋ,” ಎಂದ ಖಾಜಾಹುಸೇನ. ಅವನ ದನಿಯೂ ಸಣ್ಣಗಾಗಿತ್ತು.

ಮತ್ತೆ ಒಗೆದರೂ ಅದೇ ದಾರಿ. ಆಮೇಲೆ ದಪ್ಪ ಅಂಚಿನ ಬಿಳಿ ತಟ್ಟೆ ಬೀಸಿದ. ಅದು ದೂರ ಹೋಗಲಿಲ್ಲ. ಆದರೆ ಯಾರೋ ಅಂಗೈ ಮೇಲೆ ಇಟ್ಟುಕೊಂಡು ಹೋದಂತೆ ತೇಲಿ, ಅತ್ತ ಇತ್ತ ಹೊರಳದೆ, ನೇರ ಕೂತಿತು. ಇದೇ ಪಟರ್ ಎಂದು ಅಯ್ಯಣ್ಣನಿಗೆ ಯಾರೂ ಹೇಳಬೇಕಾಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಎಲ್ಲ ತಿಳಿಯಾಯಿತು. ಚೂಪು ಅಂಚಿಗೆ ಬಲವಾದ ತೋಳು ಬೇಕು, ಇಲ್ಲದಿದ್ದರೆ ಬೇಗ ಎಡಕ್ಕೆ ಉರುಳುತ್ತದೆ. ಹಳದಿ ಎದುರು ಗಾಳಿಗೆ ಬಲಕ್ಕೆ ಹಾರುತ್ತದೆ. ಕಾಲುವೆ ಇರುವುದು ಆಟದ ದಾರಿಯ ಬಲಕ್ಕೆ, ಸಂಜೆ ಗಾಳಿ ಬೀಸುವುದು ಎದುರಿನಿಂದ. ಹಸಿರು ತಟ್ಟೆ ಏನೇ ಮಾಡಿದರೂ ಕೊನೆಗೆ ಎಡಕ್ಕೇ ತಿರುಗುವುದರಿಂದ ಎಂದೂ ನೀರಿಗೆ ಬೀಳುವುದಿಲ್ಲ.

ಇನ್ನು ಕೆಂಪು ತಟ್ಟೆಯೊಂದು ಸಿಗಬೇಕಿತ್ತು. ದೇವಕಮ್ಮ ಇಬ್ಬರ ಕೈಗೂ ಮರದ ಹಲ್ಲಿನ ಗೋರು ಕೊಟ್ಟು, ಒಂದು ತುದಿಯಿಂದ ಮೆಣಸಿನಕಾಯಿ ಹೊರಳಿಸುತ್ತ ಬರಲು ಹೇಳಿದಳು. ಸೀನುತ್ತ, ಕಣ್ಣೊರೆಸಿಕೊಳ್ಳುತ್ತ, ಒರೆಸಿಕೊಂಡದ್ದಕ್ಕೆ ಮತ್ತಷ್ಟು ಉರಿದುಕೊಳ್ಳುತ್ತ ಅವರು ಇಡೀ ಕಣ ಹೊರಳಿಸಿದರು. ತಟ್ಟೆ ಸಿಗಲಿಲ್ಲ. ಕೊನೆಗೆ ದೇವಕಮ್ಮ ಕೂತಲ್ಲಿಂದ ಎದ್ದು, ತನ್ನ ಕೆಳಗಿದ್ದ ಕೆಂಪು ತಟ್ಟೆಯನ್ನು ತೆಗೆದು ಕೊಟ್ಟಳು.

“ಆಗಲೇ ಸಿಕ್ಕಿತ್ತು. ನೀವು ಚಲೋ ಹೊರಳಸಾಕತ್ತಿದ್ರಿ, ನಡುವ ಯಾಕ ತಡೀಲಿ ಅಂತ ಸುಮ್ಮನಾದೆ.”

ಸಂಜೆ ಕಾಲುವೆಯ ದಂಡೆಗೆ ಬಂದಾಗ ಅಯ್ಯಣ್ಣನ ಕಣ್ಣು ಟೊಮೆಟೊ ಹಣ್ಣಾಗಿದ್ದವು. ಗೊಲ್ಲಾಳಮ್ಮ ನೀರಿನ ಬಾಟಲಿ ಹಿಡಿದು ಅವನ ಹತ್ತಿರ ಬಂದಳು.

“ಅಳಾಕತ್ತೀರೇನ್ರಿ? ಅಪ್ಪ ಇನ್ನೂ ಸೋತಿಲ್ಲ.”

“ಮೆಣಸಿನಕಾಯಿ,” ಎಂದ ಅಯ್ಯಣ್ಣ. ಅವಳು ನಕ್ಕು ಅವನ ಕಣ್ಣಿಗೆ ನೀರು ಹೊಯ್ದಳು. ಒಂದು ವೇಳೆ ತಾರೀಖು ಇವತ್ತೇ ಗೊತ್ತಾದರೆ ಈ ಉರಿಯೂ ಲಾಭವೇ ಎಂದು ಅವನಿಗೆ ಅನಿಸಿತು.

ನಸೀರುದ್ದೀನ ಮಾಸ್ತರು ತೆಳ್ಳಗೆ, ಹಸನ್ಮುಖಿಯಾಗಿ, ಕೊರಳಿಗೆ ರುಮಾಲು ಸುತ್ತಿಕೊಂಡು ಬಂದಿದ್ದರು. ಆಟ ಸುರುವಾಯಿತು. ಸೂಗಪ್ಪನವರ ಬಲಗೈ ಬೀಸು ನೋಡಿದರೆ ತುಕ್ಕು ಹಿಡಿದ ಗೇಟು ತಿರುಗಿಸಿದಂತಿತ್ತು. ಆದರೂ ಹಸಿರು ತಟ್ಟೆ ತನ್ನ ಗುಣ ಬಿಡಲಿಲ್ಲ. ನೀರಿನತ್ತ ಹೊರಟರೂ ಕೊನೆಯಲ್ಲಿ ಮನಸ್ಸು ಬದಲಿಸಿ ಎಡಕ್ಕೆ ಬರುತ್ತಿತ್ತು. ಬಿಳಿ ಪಟರ್ ಸೈಕಲ್ ಚೈನಿಗೆ ತಾಗಿ ಝಲ್ಲೆಂದು ಬುಟ್ಟಿಯಲ್ಲಿ ಕೂರುತ್ತಿತ್ತು. ಜೀವಮಾನದಲ್ಲಿ ಮೊದಲ ಬಾರಿ ಸೂಗಪ್ಪನವರು ಮಾಸ್ತರರಿಗೆ ಸಮ ನಿಂತರು.

ಕೊನೆಯ ಬುಟ್ಟಿ ದಂಡೆಯ ತಿರುವಿನಾಚೆ, ಎಡಕ್ಕೆ, ಬೇವಿನ ಗಿಡದ ಹಿಂದಿತ್ತು. ಮಾಸ್ತರರು ತಮ್ಮ ಪಾಲು ಮುಗಿಸಿ ರುಮಾಲಿನಿಂದ ಬೆವರೊರೆಸಿಕೊಂಡರು. ಇನ್ನು ಸೂಗಪ್ಪನವರ ಒಂದು ಒಳ್ಳೆಯ ಎಸೆತ ಸಾಕಿತ್ತು. ಅವರು ಹಸಿರು ತಟ್ಟೆಯನ್ನು ಬಲಗೈಯಲ್ಲಿ ಹಿಡಿದು ನಿಂತರು. ಒಮ್ಮೆ ಬೀಸಲು ಹೋಗಿ ನಿಲ್ಲಿಸಿದರು. ಮತ್ತೊಮ್ಮೆ ನಿಲ್ಲಿಸಿದರು.

ಇಲ್ಲಿ ಅಯ್ಯಣ್ಣ ಸುಮ್ಮನಿದ್ದಿದ್ದರೆ ಈ ಕತೆ ಬೇರೆಯಾಗುತ್ತಿತ್ತು. ಆದರೆ ಹಸಿರು ತಟ್ಟೆಯ ಮೇಲೆ ಅವನಿಗೆ ಭಕ್ತಿ ಹುಟ್ಟಿತ್ತು, ಭಕ್ತಿ ಹುಟ್ಟಿದವನ ಬಾಯಿ ನಿಲ್ಲುವುದಿಲ್ಲ.

“ಮಾವಾರ, ನಾ ಹೇಳಿದ್ದು, ಮಂದಿ ಹೇಳಿದ್ದು ಎಲ್ಲಾ ಬಿಡ್ರಿ. ಸಣ್ಣವರಿದ್ದಾಗ ಹುಣಸಿ ಗಿಡಕ್ಕ ಕಲ್ಲು ಒಗೀತಿದ್ರಲ್ಲ, ಯಾರೂ ಕಲಿಸಿರಲಿಲ್ಲ ನೋಡ್ರಿ, ಹಂಗ ಒಗೀರಿ. ತಟ್ಟಿ ತನ್ನ ದಾರಿ ತಾ ನೋಡಕೋತದ.”

ಸೂಗಪ್ಪ ತಿರುಗಿ ಅವನನ್ನು ದಿಟ್ಟಿಸಿದರು. ಹಿಂದೆಂದೂ ಅವರ ಮುಖ ಅಷ್ಟು ಮೆತ್ತಗಾಗಿದ್ದನ್ನು ಯಾರೂ ಕಂಡಿರಲಿಲ್ಲ. “ಹಂಗ ಒಗೀಲೇನು?” ಎಂದು ಕೇಳಿದರು. ಅಯ್ಯಣ್ಣ ಹೂಂ ಎಂದ. ಅವರು ತಟ್ಟೆಯನ್ನು ಎಡಗೈಗೆ ತೆಗೆದುಕೊಂಡರು.

ಬೀಸಿದ್ದು ಕಾಣಲೇ ಇಲ್ಲ. ತಟ್ಟೆ ಕೈಯಿಂದ ಹೊರಟ ಸದ್ದು ಮಾತ್ರ ಕೇಳಿತು. ಬೆಳಗಿನಿಂದ ಅಯ್ಯಣ್ಣ ಕಂಡ ಎಲ್ಲ ಹಾರಾಟವೂ ಇದರ ಮುಂದೆ ಅಂಬೆಗಾಲು. ಹಸಿರು ತಟ್ಟೆ ಇಳಿಬಿಸಿಲಿನಲ್ಲಿ ಎತ್ತರಕ್ಕೇರಿ, ಬೇವಿನ ಗಿಡದ ನೆತ್ತಿಗೆ ಸಮನಾಗಿ ನಡೆದು, ತಿರುಗಬೇಕಾದ ಹೊತ್ತಿಗೆ ತಿರುಗಿತು. ಬಲಗೈಯಿಂದ ಹೊರಟಾಗ ಎಡಕ್ಕೆ ತಿರುಗುವ ತಟ್ಟೆ ಎಡಗೈಯಿಂದ ಹೊರಟಾಗ ಬಲಕ್ಕೆ ತಿರುಗುತ್ತದೆ ಎಂಬುದು ಅಯ್ಯಣ್ಣನಿಗೆ ಆ ಕ್ಷಣದಲ್ಲಿ, ನಿಧಾನವಾಗಿ, ಪೂರ್ತಿಯಾಗಿ ಅರ್ಥವಾಯಿತು. ತಟ್ಟೆ ಬಲಕ್ಕೆ ಒಲೆದು, ಇಡೀ ಕಾಲುವೆಯನ್ನು ದಾಟಿ, ಆಚೆ ದಂಡೆಯ ಭತ್ತದ ಗದ್ದೆಯ ಬದುವಿನ ಮೇಲೆ ಹಗುರಾಗಿ ಕೂತಿತು.

ಎಲ್ಲರೂ ಆಚೆ ದಂಡೆಯನ್ನೇ ನೋಡಿದರು. ಆಟ ಗೆದ್ದ ಮಾಸ್ತರರು ಕೂಡ ರುಮಾಲು ಕೈಯಲ್ಲಿ ಹಿಡಿದು ಮರೆತಿದ್ದರು.

“ಸಾಲ್ಯಾಗ ಈ ಕೈ ಬೆಂಚಿಗಿ ಕಟ್ಟಿ ಬರಸ್ತಿದ್ರು,” ಎಂದರು ಸೂಗಪ್ಪ, ಎಡ ಅಂಗೈ ನೋಡಿಕೊಳ್ಳುತ್ತ. “ಎಡಚ ಅಂದ್ರ ಯಾರು ಹೆಣ್ಣು ಕೊಡ್ತಾರ ಅಂತ ನಮ್ಮವ್ವ ಅಳ್ತಿದ್ದಳು. ಬಲಗೈಲೆ ಉಂಡೆ, ಬಲಗೈಲೆ ಬರದೆ. ಈ ಕೈಯಾಗ ಇದು ಇತ್ತು ಅಂತ ನನಗೇ ಗೊತ್ತಿರಲಿಲ್ಲ.” ಅವರ ಕಣ್ಣು ಒದ್ದೆಯಾಗಿದ್ದವು, ಮೆಣಸಿನಕಾಯಿ ಮುಟ್ಟದೆಯೇ.

ಗೊಲ್ಲಾಳಮ್ಮ ಡಬ್ಬಿಯ ಹತ್ತಿರ ಹೋದಳು. ಕೆಂಪು ತಟ್ಟೆ ತೆಗೆದು, ಎಡಗೈಯನ್ನು ಎದೆಯ ಅಡ್ಡಕ್ಕೆ ತಂದು ಬೀಸಿದಳು. ಖಾಜಾಹುಸೇನನ ಆ ಬ್ಲೇಡು ಕಾಲುವೆ ದಾಟಿ ಹಸಿರಿನ ಪಕ್ಕದಲ್ಲೇ ಹೋಗಿ ಬಿತ್ತು.

“ನೀನೂ ಏನವ್ವ?” ಎಂದರು ಸೂಗಪ್ಪ.

“ನಿಮಗ ಎಡಗೈ ಕಂಡರ ಆಗಿಬರಂಗಿಲ್ಲ ಅಂತ ಹೇಳಿರಲಿಲ್ಲಪ್ಪ.”

ತಂದೆ ಮಗಳು ಒಬ್ಬರ ಕೈ ಒಬ್ಬರು ಹಿಡಿದುಕೊಂಡು ನಿಂತರು. ಇಷ್ಟು ಸಂತೋಷದಲ್ಲಿ ಕೇಳಿದರೆ ಇಲ್ಲ ಎನ್ನಲಾರರು ಎಂದು ಅಯ್ಯಣ್ಣ ಧೈರ್ಯ ಮಾಡಿದ.

“ಮಾವಾರ, ತಾರೀಖು…”

“ಯಾವ ತಾರೀಖು? ಸೋತೆನಲ್ಲ,” ಎಂದರು ಸೂಗಪ್ಪ, ಬಹಳ ಪ್ರೀತಿಯಿಂದ. “ನಿಂದು ತಪ್ಪಿಲ್ಲ ಬಿಡು, ನೀ ಆರಿಸಿದ್ದು ಆ ಕೈಗಿ. ಈಗ ಡಬ್ಬಿ ಪೂರಾ ಈ ಕೈಗಿ ಹೊಸದಾಗಿ ನೋಡಬೇಕು. ನೀ ಬಲಗೈಯಾಂವ, ನಿನ್ನ ಕೈಲೆ ಆಗೋದಲ್ಲ. ನಾನೂ ಗೊಲ್ಲಾಳಮ್ಮನೂ ನೋಡ್ತೇವಿ. ಮಾಸ್ತರನ್ನ ಸೋಲಿಸಿದ ಮ್ಯಾಲ ಮದುವಿ ಮಾತು. ನೀ ಒಂದು ಕೆಲಸ ಮಾಡು, ಆಚಿ ದಂಡಿಗಿ ಹೋಗಿ ನಿಂದ್ರು. ಯಾರರೆ ಹೆಕ್ಕಿ ತರಬೇಕಲ್ಲ.”

ಅಯ್ಯಣ್ಣ ಗೊಲ್ಲಾಳಮ್ಮನ ಮುಖ ನೋಡಿದ. ಅವಳು ಡಬ್ಬಿಯೊಳಗೆ ಕೈಯಾಡಿಸುತ್ತ, “ಜಲ್ದಿ ಹೋಗ್ರಿ, ಬೆಳಕು ಹೋಗ್ತದ,” ಎಂದಳು. ಕುಕ್ಕರಿನ ರಬ್ಬರ್ ಕೇಳುವಾಗಲೂ ಅವಳ ದನಿಯಲ್ಲಿ ಇಷ್ಟು ಆಸೆ ಇರಲಿಲ್ಲ.

ಸೇತುವೆ ದೂರವಿತ್ತು. ಸುತ್ತಿ ಬಳಸಿ ಅಯ್ಯಣ್ಣ ಆಚೆ ದಂಡೆ ಸೇರಿ ತಟ್ಟೆಗಳನ್ನು ಹೆಕ್ಕಿಕೊಂಡು ಎದ್ದು ನೋಡಿದರೆ, ನಡುವೆ ತುಂಬಿ ಹರಿಯುವ ಕಾಲುವೆ, ಆ ಕಡೆ ಅವನ ಹೆಣ್ಣು. ಅವಳ ಎಡಗೈಯಿಂದ ಹಳದಿ ತಟ್ಟೆ ಹೊರಟು, ನೀರಿನ ಮೇಲೆ ಹೊಳೆಯುತ್ತ, ಸದ್ದಿಲ್ಲದೆ ಅವನತ್ತಲೇ ಬರುತ್ತಿತ್ತು. ಎಷ್ಟು ಚೆಂದ ಬರುತ್ತಿತ್ತೆಂದರೆ, ತನ್ನ ಮದುವೆ ಮುಂದಕ್ಕೆ ಹೋದದ್ದನ್ನು ಮರೆತು ಅಯ್ಯಣ್ಣ ಉರಿಯುವ ಕಣ್ಣನ್ನು ಅರಳಿಸಿ ನೋಡುತ್ತ ನಿಂತ, ಅದು ಬಂದು ಹಣೆಗೆ ಬಡಿಯುವವರೆಗೂ.