ಎಂಟನೇ ಕುರ್ಚಿ ಬಿಟ್ಟೇಳದ ಆದೇಶಕ್ಕೆ

ಗ್ರಂಥಾಲಯದ ಓದುವ ಕೋಣೆಯ ತಂಪು ಯಂತ್ರವನ್ನು ಎಂಟನೇ ಕುರ್ಚಿಯಿಂದ ಆಳುತ್ತಿರುವ ‘ಪೂರ್ತಿ ಓಡು’ ಎಂಬ ಆದೇಶದವರ ಸನ್ನಿಧಿಗೆ,

ಮಾನ್ಯರೇ,

ಎರಡು ಸ್ವೆಟರ್, ಒಂದು ಮಫ್ಲರ್ ಸಮೇತ ನಮಸ್ಕಾರಗಳು.

ತಾವು ಅಧಿಕಾರ ವಹಿಸಿಕೊಂಡ ದಿನ ನೆನಪಿದೆ. ಭೇಟಿಗೆ ಬಂದ ಅತಿಥಿಯೊಬ್ಬರು ಹಣೆ ಒರೆಸಿಕೊಂಡರೆಂಬ ಒಂದೇ ಕಾರಣಕ್ಕೆ, ಯಾರು ಏನೆಂದರೂ ‘ಆಯ್ತಾಯ್ತು’ ಎನ್ನುವ ನಮ್ಮ ಆಪರೇಟರ್ ಆಯ್ತಣ್ಣ ಕಂಪ್ಯೂಟರಿನ ಮುಂದೆ ಕೂತು ತಮ್ಮನ್ನು ಕೈಯಾರೆ ನೇಮಿಸಿದರು. ಅತಿಥಿ ಹೋದರು, ಆಯ್ತಣ್ಣ ಊಟಕ್ಕೆ ಹೋದರು, ತಾವು ಮಾತ್ರ ಹೋಗಲಿಲ್ಲ. ಎಂಥ ನಿಷ್ಠೆ!

ಈ ಕಟ್ಟಡದಲ್ಲಿ ಒಂದೊಂದು ಯಂತ್ರಕ್ಕೂ ಆದೇಶಗಳು ಕೂರಲು ದರ್ಜೆವಾರು ಹದಿನಾರು ಕುರ್ಚಿಗಳಂತೆ. ಒಂದನೆಯದೇ ಎಲ್ಲಕ್ಕಿಂತ ದೊಡ್ಡದು, ಕೂತವರಲ್ಲಿ ಯಾರು ಮೇಲಿದ್ದಾರೋ ಅವರ ಮಾತನ್ನಷ್ಟೇ ಯಂತ್ರ ಕೇಳುವುದು. ಪಾಪ, ದಿನದ ವೇಳಾಪಟ್ಟಿಗೆ ಸಿಕ್ಕಿರುವುದು ಹದಿನಾರನೆಯದು. ಬೆಳಿಗ್ಗೆ ‘ಮೆಲ್ಲಗೆ ಓಡು’, ಸಂಜೆ ‘ಇನ್ನು ನಿಲ್ಲು’ ಎಂದು ಅದು ತಪ್ಪದೆ ಬಿನ್ನವಿಸಿಕೊಳ್ಳುತ್ತದೆ. ತಾವು ಕಿವಿಗೇ ಹಾಕಿಕೊಳ್ಳುವುದಿಲ್ಲ.

ಹೋದ ವಾರ ಬೆಂಕಿ ತಾಲೀಮು ನಡೆದಾಗ ಎರಡನೇ ಕುರ್ಚಿಗೆ ಬಂದ ಎಚ್ಚರಿಕೆ ಯಂತ್ರವನ್ನು ನಿಲ್ಲಿಸಿ ಹತ್ತು ನಿಮಿಷ ತಮ್ಮ ಬಾಯಿ ಮುಚ್ಚಿಸಿತು. ಹೊರಗೆ ಸಾಲಾಗಿ ನಿಲ್ಲಬೇಕಿದ್ದ ಓದುಗರು ‘ಅಬ್ಬಾ, ಬೆಚ್ಚಗಾಯ್ತು’ ಎಂದು ಒಳಗೇ ಉಳಿದರು. ತಾಲೀಮು ಮುಗಿದದ್ದೇ ತಡ, ತಾವು ಮತ್ತೆ ಹಾಜರು!

ಗ್ರಂಥಪಾಲಕಿಯಾದ ನನ್ನ ಚಿಕ್ಕಮ್ಮನ ಹಾಜರಿ ಪುಸ್ತಕದಲ್ಲಿ ದಿನಕ್ಕೆ ನಲವತ್ತಿದ್ದ ಸಹಿಗಳು ಆರಕ್ಕಿಳಿದಿವೆ. ಸೋಮವಾರದೊಳಗೆ ಜನ ಬಾರದಿದ್ದರೆ ಕೋಣೆಯನ್ನು ಮುರುಕು ಮೇಜುಗಳ ಉಗ್ರಾಣ ಮಾಡುತ್ತಾರಂತೆ. ‘ನಾನಿಲ್ಲಿ ಪುಸ್ತಕ ಕೊಡ್ಲೋ, ಕಂಬಳಿ ಕೊಡ್ಲೋ?’ ಎಂದು ಚಿಕ್ಕಮ್ಮ ಗದರಿದರೆ, ಆಯ್ತಣ್ಣ ‘ಆಯ್ತಾಯ್ತು ಮೇಡಂ, ಎರಡೂ ಕೊಡಿ’ ಎಂದರು.

ಆದ್ದರಿಂದ ದಯವಿಟ್ಟು ರಾಜೀನಾಮೆ ಕೊಡಿ. ಅದಾಗದಿದ್ದರೆ ಚಿಕ್ಕಮ್ಮನನ್ನು ಏಳನೇ ಕುರ್ಚಿಗೆ ಶಿಫಾರಸು ಮಾಡಿ. ಅದೂ ಆಗದಿದ್ದರೆ ಸದಸ್ಯತ್ವದ ಅರ್ಜಿಯ ಜೊತೆ ನಾಲ್ಕು ಹಿಮಕರಡಿಗಳನ್ನಾದರೂ ಕಳಿಸಿ. ಸಹಿ ನಾನು ಹಾಕಿಸಿಕೊಳ್ಳುತ್ತೇನೆ.

ಹಲ್ಲು ಕಟಕಟಿಸುತ್ತಲೇ,
ತಮ್ಮ ವಿಶ್ವಾಸಿ,
ಆರನೇ ಸಹಿಯವನು

ಮರೆತ ಮಾತು: ಪತ್ರ ಮುಗಿಯುವಷ್ಟರಲ್ಲಿ ಆಯ್ತಣ್ಣ ತಮ್ಮನ್ನು ಎಬ್ಬಿಸಿದರು. ಆದರೆ ವೇಳಾಪಟ್ಟಿಯ ಮಾತು ನಡೆಯುವಂತೆ ಕುರ್ಚಿ ಖಾಲಿ ಬಿಡುವ ಬದಲು ಅದೇ ಎಂಟರಲ್ಲಿ ‘ಪೂರ್ತಿ ನಿಲ್ಲು’ ಎಂಬ ತಮ್ಮ ಸೋದರನನ್ನು ಕೂರಿಸಿದರು. ಅರ್ಧ ಗಂಟೆಯಲ್ಲಿ ಕೋಣೆ ಒಲೆಯಾಯಿತು. ಚಿಕ್ಕಮ್ಮ ಸ್ವೆಟರ್ ಬಿಚ್ಚಿಟ್ಟು ಹೋಗಿ ಆಯ್ತಣ್ಣನ ಬೆನ್ನ ಹಿಂದೆ ನಿಂತಿದ್ದಾರೆ: ಎಂಟನೆಯದು ಖಾಲಿಯಾಗುವವರೆಗೆ ಆಯ್ತಣ್ಣ ಕೂತ ಕುರ್ಚಿಯೂ ಖಾಲಿಯಾಗುವಂತಿಲ್ಲವಂತೆ. ಇದು ಎಷ್ಟನೇ ದರ್ಜೆಯ ಆದೇಶವೋ ನಾನರಿಯೆ. ಆಯ್ತಣ್ಣ ಮಾತ್ರ ಜೀವಮಾನದಲ್ಲಿ ಮೊದಲ ಬಾರಿಗೆ ‘ಆಯ್ತು’ ಎಂದು ಒಂದೇ ಸಲ ಅಂದರು.